ಎಣ್ಣಿಗೆ ಕಾಲಂ ಇಲ್ಲ

2025, ಫೆಬ್ರುವರಿ 9, ರವಿವಾರ. ಬೆಳಿಗ್ಗೆ 6 ಗಂಟೆ 40 ನಿಮಿಷ. ಎಂಜಿನ್ ತಣ್ಣಗಿದೆ. ಗಾಡಿ ಸಮನೆಲದ ಮೇಲಿದೆ. ಕಡ್ಡಿಯ ಮೇಲೆ ಆಯಿಲ್ ಮಟ್ಟ 25 ಮಿಲಿಮೀಟರ್. ದಾಟಬಾರದ ಮೇಲಿನ ಗೆರೆ ಇರುವುದು 22ಕ್ಕೆ.

ನನ್ನ ವಹಿಯಲ್ಲಿ ಆ ಬೆಳಗಿನ ಆಯಿಲಿನ ನಮೂದು ಇಷ್ಟೇ. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಜಗಳ ಹುಟ್ಟಿದ್ದು ಆ ಚಿಹ್ನೆಯಿಂದ. ಅದು ಇವತ್ತಿಗೂ ಮುಗಿದಿಲ್ಲ. ಸಿಟ್ಟು ಆರಿದ ಮೇಲೆ ಬರೆದರೆ ಎಲ್ಲರಿಗೂ ರಿಯಾಯಿತಿ ಕೊಟ್ಟುಬಿಡುತ್ತೇನೆ ಎಂಬ ಭಯದಿಂದ ಈಗಲೇ ಈ ಪತ್ರಿಕೆಗೆ ಬರೆಯಲು ಕೂತಿದ್ದೇನೆ.

ಅಳೆಯುವುದೇ ನನ್ನ ಕೆಲಸ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಾಲ್ವ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದೇನೆ. ಬಂದ ತುಣುಕನ್ನು ಅಳೆದು, ಸರಿಯಿದ್ದರೆ ಒಂದು ಬುಟ್ಟಿಗೆ, ಇಲ್ಲದಿದ್ದರೆ ಇನ್ನೊಂದು ಬುಟ್ಟಿಗೆ ಹಾಕುತ್ತೇನೆ. ಧಾರವಾಡದ ಮನೆಗೆ ಬಂದರೂ ಕೈ ಸುಮ್ಮನಿರುವುದಿಲ್ಲ. ಹಾಲು ಉಕ್ಕಿದ ದಿನಗಳು, ನಳದ ನೀರು ಬಂದ ದಿನಗಳು, ಎಲ್ಲಕ್ಕೂ ನನ್ನ ಬಳಿ ಲೆಕ್ಕವಿದೆ. ಅವ್ವ ನಗುತ್ತಾಳೆ. ಅಪ್ಪ ನಗುವುದಿಲ್ಲ. ಅವರು ಅಮರಗೋಳದ ಮಾರುಕಟ್ಟೆಯಲ್ಲಿ ಮೂವತ್ತೊಂದು ವರ್ಷದಿಂದ ದಲಾಲಿ ಅಂಗಡಿ ನಡೆಸುತ್ತಿರುವವರು. ಅಲ್ಲಿ ಹತ್ತಿ, ಮೆಣಸಿನಕಾಯಿಯ ಎಷ್ಟೋ ಮಾತುಗಳು ಚೀಟಿ ಬರೆಯುವ ಮೊದಲೇ ಮುಗಿದಿರುತ್ತವೆ. ಒಮ್ಮೆ ಹೂಂ ಅಂದರೆ ಅದು ಹೂಂ. ಇಷ್ಟು ವರ್ಷದಲ್ಲಿ ಅವರ ಹೂಂ ಅನ್ನು ಯಾರೂ ತಿರುಗಿ ಕೇಳಿರಲಿಲ್ಲ.

ಗಾಡಿ ಹೋದ ವರ್ಷ ದಸರೆಯ ಖಂಡೇ ಪೂಜೆಗೆ ಮನೆಗೆ ಬಂತು. ಎತ್ತರದ, ಬಿಳಿ ಬಣ್ಣದ ಪೆಟ್ರೋಲ್ ಗಾಡಿ. ಒಂದೂವರೆ ಲೀಟರಿನ ಎಂಜಿನ್, ನಾಲ್ಕು ಸಿಲಿಂಡರ್, ಟರ್ಬೊ. ಹಳೆಯ ಎಂಜಿನ್ನುಗಳಲ್ಲಿ ಪೆಟ್ರೋಲು ಹೊರಗೇ ಗಾಳಿಯ ಜೊತೆ ಬೆರೆತು ಒಳಗೆ ಹೋಗುತ್ತಿತ್ತು. ಇದರಲ್ಲಿ ಹಾಗಲ್ಲ. ಒಂದು ಪಂಪು ಪೆಟ್ರೋಲನ್ನು ಭಾರೀ ಒತ್ತಡಕ್ಕೆ ಏರಿಸುತ್ತದೆ, ಅದು ನೇರವಾಗಿ ಸಿಲಿಂಡರಿನೊಳಗೇ ಚಿಮ್ಮುತ್ತದೆ. ಹೊರಹೋಗುವ ಹೊಗೆಯೇ ಟರ್ಬೊದ ಸಣ್ಣ ಚಕ್ರವನ್ನು ತಿರುಗಿಸಿ ಇನ್ನಷ್ಟು ಗಾಳಿಯನ್ನು ಒಳಗೆ ತುಂಬುತ್ತದೆ. ಇಷ್ಟು ಚಿಕ್ಕ ಎಂಜಿನ್ ಇಷ್ಟು ದೊಡ್ಡ ಗಾಡಿಯನ್ನು ಎಳೆಯುವುದು ಈ ಎರಡರ ಬಲದಿಂದ. ಆ ಚಕ್ರಕ್ಕೂ, ಒಳಗಿನ ಸರಪಳಿಗೂ, ಪಿಸ್ಟನ್ನುಗಳಿಗೂ ಇರುವ ರಕ್ಷಣೆ ನಾಲ್ಕು ಲೀಟರಿಗಿಂತ ಸ್ವಲ್ಪ ಹೆಚ್ಚು ಆಯಿಲ್ ಮಾತ್ರ. ಅದೂ ಬಹಳ ತೆಳ್ಳಗಿನದು, ಡಬ್ಬಿಯ ಮೇಲೆ 0W-20 ಎಂದು ಬರೆದಿರುತ್ತದೆ. ಕಡ್ಡಿಯಿಂದ ಬೆರಳಿಗೆ ಹತ್ತಿದ್ದನ್ನು ನೋಡಿ ಅವ್ವ, "ಇದೇನ, ಶೇಂಗಾ ಎಣ್ಣಿಗಿಂತ ತೆಳ್ಳಗೈತಲ್ಲ" ಅಂದಿದ್ದಳು.

ತೆಳ್ಳಗಿರುವುದರಲ್ಲಿ ತಪ್ಪಿಲ್ಲ. ಎಂಜಿನ್ ತಣ್ಣಗಿದ್ದಾಗಲೂ ಅದು ಕ್ಷಣದಲ್ಲಿ ಎಲ್ಲ ಕಡೆ ಹರಿದು ತಲುಪಬೇಕು. ಆದರೆ ಅದು ಇನ್ನೂ ತೆಳ್ಳಗಾಗುವಂತಿಲ್ಲ. ಅದಕ್ಕೇ ನಾನು ಪ್ರತಿ ರವಿವಾರ ಬೆಳಿಗ್ಗೆ, ಎಂಜಿನ್ ಚಾಲೂ ಮಾಡುವ ಮೊದಲು, ಬಾನೆಟ್ ಎತ್ತುತ್ತಿದ್ದೆ. ಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಸಿ, ಎಳೆದು, ಉಕ್ಕಿನ ಸ್ಕೇಲಿನಿಂದ ಕೆಳಗಿನ ಗೆರೆಯಿಂದ ಮೇಲಕ್ಕೆ ಎಷ್ಟಿದೆ ಎಂದು ಅಳೆಯುತ್ತಿದ್ದೆ. ಆಮೇಲೆ ಕೂಲಂಟಿನ ಡಬ್ಬಿ, ಬ್ರೇಕ್ ಆಯಿಲಿನ ಡಬ್ಬಿ, ಚಕ್ರದ ಗಾಳಿ. ತಿಂಗಳಿಗೊಮ್ಮೆ ಏರ್ ಫಿಲ್ಟರ್ ತೆಗೆದು ಧೂಳು ನೋಡುವುದು. ಎಲ್ಲಕ್ಕೂ ವಹಿಯಲ್ಲಿ ಗೆರೆ ಎಳೆದು ಮನೆಗಳನ್ನು ಹಾಕಿದ್ದೆ.

ಈಗ ಆ ಅಂಕಿಗಳನ್ನು ಓದಿದರೆ ನನ್ನ ಮೇಲೆಯೇ ಮೈ ಉರಿಯುತ್ತದೆ. ಗಾಡಿ ಬಂದ ಹೊಸದರಲ್ಲಿ 18. ನವೆಂಬರ್ ಕೊನೆಗೆ 19. ಡಿಸೆಂಬರಿನಲ್ಲಿ 20. ಸಂಕ್ರಮಣದ ಹೊತ್ತಿಗೆ 22. ಕಾರ್ಖಾನೆಯಲ್ಲಿ ಒಂದು ಅಳತೆ ನಾಲ್ಕು ಸಲ ಒಂದೇ ದಿಕ್ಕಿಗೆ ಸರಿದರೆ ನಾನು ಯಂತ್ರ ನಿಲ್ಲಿಸುತ್ತೇನೆ. ಮನೆಯಲ್ಲಿ ಮಾತ್ರ "ನೆಲ ಓರೆ ಇರಬೇಕು" ಎಂದು ನನಗೆ ನಾನೇ ಹೇಳಿಕೊಂಡೆ. ಎಂಜಿನ್ನಿನ ಆಯಿಲ್ ಕಡಿಮೆಯಾಗಬಹುದು. ಯಾರೂ ಹಾಕದೆ ಅದು ಹೆಚ್ಚಾಗುವುದು ಹೇಗೆ? ಬಾವಿಯೇ ಅದು, ಸೆಲೆ ಒಡೆಯಲು?

ಫೆಬ್ರುವರಿ 10, ಸೋಮವಾರ ನನಗೆ ರಜೆ ಸಿಗಲಿಲ್ಲ. ಅಪ್ಪ ಗಾಡಿಯನ್ನು ಧಾರವಾಡ, ಹುಬ್ಬಳ್ಳಿ ನಡುವಿನ ದೊಡ್ಡ ರಸ್ತೆಯಲ್ಲಿರುವ ಸರ್ವಿಸ್ ಕೇಂದ್ರಕ್ಕೆ ಒಯ್ದರು. ನಾನು ಒಂದು ಚೀಟಿ ಬರೆದುಕೊಟ್ಟಿದ್ದೆ: "ಆಯಿಲ್ ಮಟ್ಟ ಮೇಲೇರುತ್ತಿದೆ, ಕಾರಣ ನೋಡಿ." ಗಾಡಿ ಅಲ್ಲೇ ಉಳಿಯಿತು, ಅಪ್ಪ ಬಸ್ಸಿನಲ್ಲಿ ಮನೆಗೆ ಬಂದರು.

12ರ ಬುಧವಾರ ಮಧ್ಯಾಹ್ನ ನನಗೆ ಫೋನು. ಅಲ್ಲಿಯ ಅಡ್ವೈಸರ್, ಅಂದರೆ ಗಾಡಿ ಒಳಗೆ ತೆಗೆದುಕೊಂಡು ಕಾಗದ ತಯಾರಿಸುವವನು, ಬಹಳ ಮರ್ಯಾದೆಯಿಂದ ಹೇಳಿದ. "ಮೇಡಂ, ಆಯಿಲ್ ಓವರ್‌ಫಿಲ್ ಆಗಿತ್ರಿ. ತಗದು ಹೊಸಾದು ಹಾಕೇವಿ. ಆದ್ರ ಹೊರಗಿನ ಆಯಿಲ್ ಹಾಕಿದ್ದಕ್ಕ ಇನ್ನ ಮ್ಯಾಲೆ ಎಂಜಿನ್ನಿನ ವಾರಂಟಿ ನಡ್ಯಂಗಿಲ್ರಿ."

ಮೂರು ವರ್ಷದ ವಾರಂಟಿ. ಗಾಡಿಗೆ ಆಗ ನಾಲ್ಕು ತಿಂಗಳು. ಸಂಜೆ ನಾನೇ ಹೋಗಿ ಗಾಡಿ ಬಿಡಿಸಿಕೊಂಡೆ. ಕೈಗೆ ಬಂದ ಕಾಗದದಲ್ಲಿ, 10ನೇ ತಾರೀಖಿನ ಕೆಳಗೆ, ಇಂಗ್ಲಿಷಿನ ಒಂದು ಸಾಲಿತ್ತು. ಕನ್ನಡದಲ್ಲಿ ಹೇಳುವುದಾದರೆ: ಗ್ರಾಹಕರು ಯಾವಾಗಲೂ ಹೊರಗಡೆಯೇ ಆಯಿಲ್ ಹಾಕಿಸುವುದಾಗಿಯೂ, ನಿನ್ನೆ ಸಂಜೆ ಪೂರ್ತಿ ತುಂಬಿಸಿದ್ದಾಗಿಯೂ ತಿಳಿಸಿದ್ದಾರೆ. ಕೆಳಗೆ ಅಪ್ಪನ ಸಹಿ. ಗಾಜಿನ ಪರದೆಯ ಮೇಲೆ ಬೆರಳಿನಿಂದ ಮಾಡಿದ, ಸೊಟ್ಟಗಾದ ಸಹಿ.

ಆ ಸಾಲನ್ನು ನಾನು ನಂಬಿದೆ. ಇದನ್ನು ಬರೆಯದೆ ಮುಂದೆ ಹೋಗಲಾರೆ. ಮೂವತ್ತೊಂದು ವರ್ಷದ ಬಾಯಿಮಾತಿನ ಮನುಷ್ಯನಿಗಿಂತ ಅಚ್ಚಾದ ಒಂದು ಸಾಲು ನನಗೆ ಖರೇ ಅನ್ನಿಸಿತು. ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲು ಕೂಗಿದೆ.

"ಅಪ್ಪಾ, ಹೊರಗ ಹಾಕ್ಸು ಅಂತ ನಿನಗ ಯಾರ ಹೇಳಿದ್ರು?"

ಅಪ್ಪ ಚಹಾ ಕುಡಿಯುತ್ತಿದ್ದರು. "ಎಲ್ಲೆ ಹೊರಗ? ಕೆಲಗೇರಿಗೆ ಹೋಗೂ ದಾರ್ಯಾಗ. ಯಾವಾಗ್ಲೂ ಅಲ್ಲೇ ಹಾಕಸ್ತೇನಿ."

"ಯಾವಾಗ್ಲೂ?"

"ಹೂಂ. ಸ್ಕೂಟರ್ ಇದ್ದಾಗಿಂದ. ಭಾಳ ಛಲೋ ಮಂದಿ ಅವರು. ಅಳತ್ಯಾಗ ಒಂದ ದಿನ ಮೋಸ ಇಲ್ಲ."

"ನನಗೊಂದ ಮಾತ ಕೇಳಬಾರದಾ?"

"ಅದಕ್ಕೇನ ಕೇಳೂದವಾ? ಮುಳ್ಳ ಕೆಳಗ ಬಂದ್ರ ಹಾಕಸೂದಪಾ. ಹಾಕಸಲಾರದ ಗಾಡಿ ಹೆಂಗ ಓಡ್ತೈತಿ?"

ಅವರು ನನ್ನನ್ನು ಛೇಡಿಸುತ್ತಿದ್ದಾರೆ ಅಂದುಕೊಂಡೆ. "ಇನ್ನ ಮ್ಯಾಲೆ ನೀ ಈ ಗಾಡಿ ಮುಟ್ಟಬ್ಯಾಡ" ಅಂದೆ. ಅಪ್ಪ ಲೋಟ ಕೆಳಗಿಟ್ಟರು. ಜೇಬಿನಿಂದ ಇನ್ನೊಂದು ಕೀಲಿ ತೆಗೆದು, ಕ್ಯಾಲೆಂಡರ್ ನೇತುಹಾಕಿದ ಮೊಳೆಗೆ ಸಿಕ್ಕಿಸಿ, ಅಂಗಳಕ್ಕೆ ಹೋದರು. ಅವ್ವ ನನ್ನ ಕಡೆ ನೋಡಿ, "ನಿನ್ನ ವಹಿಯಾಗ ಇದನ್ನೂ ಬರ್ಕೋ" ಅಂದಳು. ಬರೆದುಕೊಂಡೆ. ಫೆಬ್ರುವರಿ 12, ಸಂಜೆ 7.15.

ಮರುದಿನದಿಂದ ಅಪ್ಪ ಕೆಲಗೇರಿ ಕೆರೆಯ ಕಡೆ ವಾಕಿಂಗ್ ಹೋಗಲು ಮನೆಯಿಂದಲೇ ನಡೆದರು. ಮೊದಲು ಕೆರೆಯ ತನಕ ಗಾಡಿಯಲ್ಲಿ ಹೋಗಿ, ಒಂದು ಸುತ್ತು ನಡೆದು, ಗಾಡಿಯಲ್ಲೇ ಬರುತ್ತಿದ್ದರು. ಅಮರಗೋಳಕ್ಕೆ ಅವರು ಅದನ್ನು ಒಮ್ಮೆಯೂ ಒಯ್ದಿರಲಿಲ್ಲ. ಅಲ್ಲಿ ಲಾರಿಗಳ ಸಂದಿಯಲ್ಲಿ ಕನ್ನಡಿ ಮುರಿಯುತ್ತದೆ, ಮೆಣಸಿನಕಾಯಿ ಧೂಳು ಕೂರುತ್ತದೆ ಎಂದು ಅಂಗಡಿಗೆ ಬಸ್ಸಿನಲ್ಲೇ ಹೋಗುತ್ತಿದ್ದರು. ಆ ಹೆಮ್ಮೆಯ ಗಾಡಿ ಈಗ ನನ್ನ ಕೈಯಲ್ಲಿತ್ತು. ನಾನೂ ಅದನ್ನು ದೂರ ಒಯ್ಯಲಿಲ್ಲ. ಸಂಜೆ ಅವ್ವನನ್ನು ಭಜನೆಗೆ ಬಿಡುವುದು, ಕಾಯಿಪಲ್ಲೆ ತರುವುದು, ಅಷ್ಟೇ.

ಫೆಬ್ರುವರಿ 16ರ ಅಳತೆ 20. ಹೊಸ ಆಯಿಲ್, ಸರಿಯಾದ ಮಟ್ಟ. 23ಕ್ಕೆ 21.5. ಮಾರ್ಚ್ 2ಕ್ಕೆ 23.

ನಾನು ಬಾನೆಟ್ ಹಿಡಿದುಕೊಂಡು ಹಾಗೇ ನಿಂತೆ. ಎರಡೂ ಕೀಲಿ ನನ್ನ ಬಳಿಯೇ ಇದ್ದವು. ಅಪ್ಪ ಗಾಡಿಯ ಹತ್ತಿರವೂ ಬಂದಿರಲಿಲ್ಲ. ಆಯಿಲ್ ಮತ್ತೆ ಏರಿತ್ತು. ಅಂದರೆ ಕಾಗದದ ಮೇಲಿನ ಸಾಲು ಸುಳ್ಳು. ಅಂದರೆ ನಾನು ಕೂಗಿದ್ದೂ ಸುಳ್ಳಿನ ಮೇಲೆ. ಹಾಗಿದ್ದರೆ ಅಪ್ಪ ಹೂಂ ಅಂದದ್ದು ಯಾಕೆ? ಕೇಳಲು ನಾಚಿಕೆಯಾಯಿತು. ಒಂದು ವಾರ ಕೇಳಲಿಲ್ಲ.

ಮಾರ್ಚ್ 8ರ ಶನಿವಾರ, ಕೆಲಸ ಬಿಟ್ಟ ಮೇಲೆ, ಗಾಡಿಯನ್ನು ನಮ್ಮ ಕಾರ್ಖಾನೆಯ ಹಿಂದಿನ ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಮೇಸ್ತ್ರಿಗೆ ಎಲ್ಲರೂ ಕಾಕಾ ಅನ್ನುತ್ತಾರೆ. ಹೆಚ್ಚಾಗಿ ಹಳೆಯ ಡೀಸೆಲ್ ಜೀಪುಗಳನ್ನು ರಿಪೇರಿ ಮಾಡುವವರು. ಬಾನೆಟ್ ಎತ್ತಿದ ಕೂಡಲೇ ಮುಖ ಸಿಂಡರಿಸಿದರು.

"ಎಲ್ಲಾ ಮುಚ್ಚಿ ಇಟ್ಟಾರಲ್ಲಬೇ ತಂಗಿ. ಎಂಜಿನ್ ಐತೋ, ಟ್ರಂಕೋ?"

ಕಡ್ಡಿ ಎಳೆದರು. ಗೆರೆ ನೋಡಲಿಲ್ಲ, ಮೂಸಿದರು. ಒಂದು ಹನಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿದರು. ಇನ್ನೊಂದು ಹನಿಯನ್ನು ಹಳೆಯ ಪತ್ರಿಕೆಯ ಮೇಲೆ ಬಿಟ್ಟು, "ಚಹಾ ಕುಡಿ, ಬರ್ತೇನಿ" ಅಂದರು. ಚಹಾ ಮುಗಿಯುವಷ್ಟರಲ್ಲಿ ಹನಿ ಅಗಲವಾಗಿ ಹಬ್ಬಿತ್ತು. ನಡುವೆ ಕಪ್ಪು, ಅದರ ಸುತ್ತ ನೀರು ಹರಡಿದಂಥ ತೆಳು ಉಂಗುರ. ಕಾಕಾ ಅದರ ಪಕ್ಕದಲ್ಲಿ ತಮ್ಮ ಡಬ್ಬಿಯ ಹೊಸ ಆಯಿಲ್ ಒಂದು ಹನಿ ಬಿಟ್ಟು ತೋರಿಸಿದರು. ಅದು ಇಷ್ಟು ಹಬ್ಬಲಿಲ್ಲ, ಉಂಗುರವೂ ಬರಲಿಲ್ಲ.

"ತಂಗಿ, ಇದು ಎಣ್ಣ್ಯಾಗ ಎಣ್ಣಿ ಕೂಡೇತಿ."

"ಯಾವ ಎಣ್ಣ್ಯಾಗ ಯಾವ ಎಣ್ಣಿ, ಕಾಕಾ?"

"ಎಂಜಿನ್ನಿನ ಎಣ್ಣ್ಯಾಗ ಟಾಕಿ ಎಣ್ಣಿ. ಪೆಟ್ರೋಲ್. ಮೂಸಿ ನೋಡ."

ಮೂಸಿದೆ. ಪೆಟ್ರೋಲು, ಸಂಶಯವೇ ಇಲ್ಲ. ಮೂಗಿನ ಕೆಲಸವನ್ನು ನಾನು ಸುಮಾರು ಐದು ತಿಂಗಳು ಸ್ಕೇಲಿನಿಂದ ಮಾಡುತ್ತಿದ್ದೆ. ಆದರೆ ಆ ಕ್ಷಣ ನನ್ನ ತಲೆಯಲ್ಲಿ ಓಡಿದ್ದು ಪೆಟ್ರೋಲಿನ ವಿಷಯವಲ್ಲ. ಕಾಕಾ ಎರಡಕ್ಕೂ ಎಣ್ಣಿ ಅಂದಿದ್ದರು. ನಮ್ಮ ಕಡೆ ಎಲ್ಲರೂ ಹಾಗೇ ಅನ್ನುತ್ತಾರೆ. ಗಾಡಿಗೆ ಎಣ್ಣಿ ಹಾಕಿಸುವುದು ಅಂದರೆ ಪೆಟ್ರೋಲ್ ಹಾಕಿಸುವುದು. ಅಪ್ಪ ತಮ್ಮ ಜನ್ಮದಲ್ಲಿ ಪೆಟ್ರೋಲ್ ಅಂದದ್ದನ್ನು ನಾನು ಕೇಳಿಲ್ಲ.

ಮನೆಗೆ ಹೋಗಿ ಅಪ್ಪನ ಮುಂದೆ ಕೂತೆ. "ಆವತ್ತ ಸರ್ವಿಸ್‌ನ್ಯಾಗ ಏನ ಕೇಳಿದ್ರು? ಹೆಂಗ ಕೇಳಿದ್ರೋ ಹಂಗ ಹೇಳ."

ಅಪ್ಪ ನಿಧಾನವಾಗಿ ಹೇಳಿದರು. "ಆ ಕಾಗದ ಬರ್ಯಾಂವ ನನಗ, ಕಾಕಾರ, ಎಣ್ಣಿ ಹಾಕ್ಸಿದ್ರೇನು ಅಂದ. ಹೂಂ, ನಿನ್ನೆ ಸಂಜೀಕನ ಹಾಕ್ಸೇನಿ, ಫುಲ್ ಅಂದೆ. ಎಲ್ಲೆ ಅಂದ. ಕೆಲಗೇರಿ ದಾರ್ಯಾಗ, ಯಾವಾಗ್ಲೂ ಅಲ್ಲೇ ಅಂದೆ. ಸಹಿ ಮಾಡ್ರಿ ಅಂದ. ಗಾಜಿನ ಮ್ಯಾಲೆ ಬಟ್ಟ ತಿಕ್ಕಿದೆ."

ನಾನು ವಹಿ ತೆಗೆದೆ. ಫೆಬ್ರುವರಿ 9, ಸಂಜೆ, ಪೆಟ್ರೋಲ್, 31 ಲೀಟರ್, ಟಾಕಿ ಪೂರ್ತಿ. ನನ್ನದೇ ಅಕ್ಷರ. ನಾನು ಕೂಗಿದ ದಿನವೂ ಈ ಸಾಲು ಇದೇ ವಹಿಯಲ್ಲಿತ್ತು.

ಅವ್ವನಿಗೆ ನಗು ತಡೆಯಲಾಗಲಿಲ್ಲ. "ಪುಣ್ಯಾ, ಬೆಳಿಗ್ಗೇನ ಎಣ್ಣಿ ಹಾಕ್ಕೊಂಡ ಬಂದಾರ ಅಂತ ಬರಿಲಿಲ್ಲ. ಕುಡುಕನ ಹೇಂತಿ ಆಗ್ತಿದ್ದೆ."

ಅಪ್ಪ ನಗಲಿಲ್ಲ. "ತಪ್ಪಾತ ಅಪ್ಪಾ" ಅಂದೆ. "ಇರ್ಲಿ" ಅಂದರು. ಕೀಲಿ ಕೊಡಲು ಹೋದೆ. "ಮೊದಲ ಆ ಕಾಗದ ಸರಿ ಆಗ್ಲಿ" ಅಂದರು. ಗಾಡಿ ಅವರು ಮುಟ್ಟದೆ ಇಪ್ಪತ್ನಾಲ್ಕು ದಿನವಾಗಿತ್ತು. ವಾರಂಟಿ ಸುಮ್ಮನೆ ನೆಪ. ಆ ಸಾಲು ಅಳಿಯದೆ ಅಪ್ಪ ಆ ಗಾಡಿಯ ಸ್ಟೇರಿಂಗ್ ಹಿಡಿಯುವುದಿಲ್ಲ ಎಂದು ನನಗೆ ಆಗ ಗೊತ್ತಾಯಿತು.

ಕಾಕಾ ಇನ್ನೊಂದು ಮಾತು ಹೇಳಿದ್ದರು. ಎಂಜಿನ್ ಬಿಸಿಯಾಗುವ ಮೊದಲೇ ನಿಲ್ಲಿಸುತ್ತ ಹೋದರೆ, ಉರಿಯದೆ ಉಳಿದ ಪೆಟ್ರೋಲು ಸಿಲಿಂಡರಿನ ಗೋಡೆಯಿಂದ ಜಾರಿ ಆಯಿಲಿಗೆ ಸೇರುತ್ತದೆ. ಒತ್ತಡದ ಪಂಪಿನ ಸೀಲು ಸೋರಿದರೂ ಅಲ್ಲಿಗೇ ಬರುತ್ತದೆ. ದೂರ ಓಡಿಸಿದರೆ ಆಯಿಲ್ ಚೆನ್ನಾಗಿ ಕಾದು ಪೆಟ್ರೋಲು ಆವಿಯಾಗಿ ಹೋಗುತ್ತದೆ. "ಓಡಿಸಿ ನೋಡ. ಇಳದ್ರ ಪೆಟ್ರೋಲ್. ಇಳೀಲಿಲ್ಲಂದ್ರ ನನ್ನ ಮೂಗ ಕೊಯ್ಕೋ."

ಮಾರ್ಚ್ 9, ಬೆಳಿಗ್ಗೆ 24. ಹಾವೇರಿಯ ತನಕ ಹೋಗಿ ಬಂದೆ. ಅಪ್ಪ ಪಕ್ಕದ ಸೀಟಿನಲ್ಲಿ ಕೂತಿದ್ದರು, ಬಂಕಾಪುರದ ಹತ್ತಿರ "ಛಲೋ ಎಳೀತೈತಿ" ಅಂದರು. ಮರುದಿನ ಬೆಳಿಗ್ಗೆ 22. ಮತ್ತೆ ಒಂದು ವಾರ ಭಜನೆ, ಕಾಯಿಪಲ್ಲೆ. 16ಕ್ಕೆ 23.5. ಬೆಳಗಾವಿಯ ದಾರಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ದೂರ ಓಡಿಸಿದೆ. ಮರುದಿನ 21.5. ಕಾಕಾನ ಮೂಗು ಉಳಿಯಿತು.

ಆ ರಾತ್ರಿ ಊಟಕ್ಕೆ ಮುಂಚೆ ಗಾಡಿಯ ಪುಸ್ತಕವನ್ನು ಮತ್ತೆ ಓದಿದೆ. ವರ್ಷಕ್ಕೊಮ್ಮೆ ಅಥವಾ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಿ ಎಂದು ದಪ್ಪ ಅಕ್ಷರದಲ್ಲಿದೆ. ಅದರ ಕೆಳಗೆ, ಇರುವೆಯಂಥ ಅಕ್ಷರದಲ್ಲಿ, ಒಂದು ಪಟ್ಟಿ. ಪದೇ ಪದೇ ಕಡಿಮೆ ದೂರ ಓಡಿಸುವವರು, ಧೂಳಿನ ರಸ್ತೆಯವರು ಅದರ ಅರ್ಧಕ್ಕೇ ಬದಲಿಸಬೇಕಂತೆ. ನನ್ನ ವಹಿಯ ಲೆಕ್ಕದಲ್ಲಿ, ಗಾಡಿ ಬಂದಾಗಿನಿಂದ ಫೆಬ್ರುವರಿ 9ರ ತನಕ ನಾವು 402 ಸಲ ಎಂಜಿನ್ ಚಾಲೂ ಮಾಡಿದ್ದೆವು. ಅದರಲ್ಲಿ 331 ಸಲ ಮೂರು ಕಿಲೋಮೀಟರಿಗಿಂತ ಕಡಿಮೆ ಓಡಿಸಿದ್ದೆವು. ಹೂಮಾಲೆ ಹಾಕಿ, ತೆಂಗಿನಕಾಯಿ ಒಡೆಸಿ, ಫೋಟೋ ತೆಗೆದು ಗಾಡಿ ಕೊಟ್ಟವರಲ್ಲಿ ಒಬ್ಬರಾದರೂ "ದಿನಾ ಎಷ್ಟು ದೂರ ಓಡಿಸುತ್ತೀರಿ?" ಎಂದು ಕೇಳಿರಲಿಲ್ಲ. ಸೀಟಿನ ಬಣ್ಣ ಕೇಳಿದ್ದರು. ನಾನೂ ದಪ್ಪ ಅಕ್ಷರವನ್ನಷ್ಟೇ ಓದಿದ್ದೆ.

ಮಾರ್ಚ್ 18, ಮಂಗಳವಾರ. ಅರ್ಧ ದಿನ ರಜೆ ಹಾಕಿ, ಅಪ್ಪನನ್ನು ಕರೆದುಕೊಂಡು ಸರ್ವಿಸ್ ಕೇಂದ್ರಕ್ಕೆ ಹೋದೆ. ಅದೇ ಅಡ್ವೈಸರ್. ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ನಗು. ನನ್ನ ವಹಿಯನ್ನು ಅವನ ಮೇಜಿನ ಮೇಲೆ ಬಿಚ್ಚಿಟ್ಟೆ. ನೋಡಿದ, ಪುಟ ತಿರುವಿದ, ಮರಳಿ ನನ್ನ ಕಡೆ ಸರಿಸಿದ.

"ಭಾಳ ನೀಟಾಗಿ ಬರದೀರಿ ಮೇಡಂ. ಆದ್ರ ಇದು ನಿಮ್ಮ ಪರ್ಸನಲ್ ನೋಟ್‌ಬುಕ್ರಿ. ಸಿಸ್ಟಮ್‌ಗೆ ಹೋಗಂಗಿಲ್ಲ. ಸಿಸ್ಟಮ್‌ನ್ಯಾಗ ಕಸ್ಟಮರ್ ಸ್ಟೇಟ್‌ಮೆಂಟ್ ಐತಿ, ಸಹಿ ಐತಿ."

"ನಿಮ್ಮೂರ ಯಾವುದ್ರಿ?"

"ನವಲಗುಂದ ಕಡೆ ರಿ."

"ನಿಮ್ಮ ಮನ್ಯಾಗ ಗಾಡಿಗೆ ಪೆಟ್ರೋಲ್ ಹಾಕಸೂದಕ್ಕ ಏನಂತೀರಿ?"

ಅವನಿಗೆ ಎಲ್ಲಿಗೆ ಬರುತ್ತಿದ್ದೇನೆಂದು ಗೊತ್ತಾಯಿತು. ಪೆನ್ನಿನ ಟೋಪಿ ತೆಗೆದ, ಹಾಕಿದ. "ಎಣ್ಣಿ ಹಾಕಸೂದು ಅಂತೇವ್ರಿ."

"ನಮ್ಮ ಅಪ್ಪ ಏನಂದಿದ್ರು?"

"ಅವ್ರೂ ಅದನ ಅಂದಿದ್ರು."

"ನೀವೇನ ಬರದ್ರಿ?"

"ಫಾರ್ಮಿನ್ಯಾಗ ಎಣ್ಣಿ ಅಂತ ಕಾಲಂ ಇಲ್ರಿ ಮೇಡಂ. ಆಯಿಲ್ ಅಂತ ಐತಿ."

ಈ ಮಾತನ್ನು ನಾನು ಅಲ್ಲೇ, ಅವನ ಎದುರಿಗೇ ಬರೆದುಕೊಂಡೆ. 11 ಗಂಟೆ 20 ನಿಮಿಷ.  ಹೊರಗಿನವನೊಬ್ಬ ನಮ್ಮ ಮಾತು ತಿಳಿಯದೆ ತಪ್ಪು ಬರೆದಿದ್ದರೆ ಕ್ಷಮಿಸುತ್ತಿದ್ದೆನೇನೋ. ಇವನಿಗೆ ಗೊತ್ತಿತ್ತು. ಇವನ ಅಪ್ಪನೂ ಬೈಕಿಗೆ ಎಣ್ಣಿ ಹಾಕಿಸುತ್ತಾನೆ. ಎಣ್ಣಿಗೆ ಕಾಲಂ ಇಲ್ಲದ್ದಕ್ಕೆ, ಇದ್ದ ಕಾಲಮ್ಮಿನಲ್ಲಿ ನಮ್ಮ ಅಪ್ಪನನ್ನು ತುರುಕಿದ. "ಯಾವ ಎಣ್ಣಿ ಕಾಕಾರ?" ಎಂದು ಕೇಳಲು ಮೂರು ಶಬ್ದ ಸಾಕಿತ್ತು.

ಅಪ್ಪ ಆಗ ಮೊದಲ ಸಲ ಬಾಯಿಬಿಟ್ಟರು. "ತಮ್ಮಾ, ನಮ್ಮ ಮಾರ್ಕೆಟಿನ್ಯಾಗ ಒಂದ ಮಾತ ತಿಳೀಲಿಲ್ಲಂದ್ರ ಮತ್ತೊಮ್ಮಿ ಕೇಳ್ತೇವಿ. ಹತ್ತಿ ಅಂದವಗ ಹತ್ತಿಕಾಳ ತೂಗಿ ಕೊಡಂಗಿಲ್ಲ."

ಅವನ ನಗು ಹೋಯಿತು. ಕಂಪನಿಯವರಿಗೆ ಬರೆಯುತ್ತೇನೆ ಅಂದ. ನಾನೂ ಬರೆದೆ. ಆಮೇಲಿನ ಲೆಕ್ಕ ಇದು: ಫೋನು ಹನ್ನೊಂದು ಸಲ, ಮಿಂಚಂಚೆ ಆರು, ನಾನೇ ಹೋದದ್ದು ಮೂರು ಸಲ. "ನಾಳೆ ಹೇಳ್ತೇವ್ರಿ" ಎಂಬ ಉತ್ತರ ಒಂಬತ್ತು ಸಲ. ಕೊನೆಗೆ ಕಂಪನಿಯಿಂದ ಒಬ್ಬರು ಬಂದರು, ಆಯಿಲನ್ನು ಸೀಸೆಯಲ್ಲಿ ಒಯ್ದರು. ಏಪ್ರಿಲ್ 5ರಂದು ಫೋನು ಬಂತು. ಆಯಿಲಿನಲ್ಲಿ ಪೆಟ್ರೋಲು ಸೇರಿದೆ, ಒತ್ತಡದ ಪಂಪಿನ ಸೀಲು ಸೋರುತ್ತಿದೆ, ಪಂಪು ಬದಲಿಸಿಕೊಡುತ್ತೇವೆ. ಎಷ್ಟು ಸರಳ! ಕಾಕಾ ಅದನ್ನು ಒಂದು ಚಹಾ ಕುಡಿಯುವಷ್ಟರಲ್ಲಿ ಹೇಳಿದ್ದರು.

ಏಪ್ರಿಲ್ 12, ಶನಿವಾರ ಗಾಡಿ ತರಲು ಇಬ್ಬರೂ ಹೋದೆವು. ಪಂಪು ಹೊಸದು, ಆಯಿಲ್ ಹೊಸದು. ಹೊಸ ಕಾಗದದಲ್ಲಿ ಪಂಪು ಬದಲಿಸಿದ್ದು ವಾರಂಟಿಯಿಂದ ಎಂದಿರಲಿಲ್ಲ. "ಸೌಜನ್ಯಕ್ಕಾಗಿ" ಎಂಬ ಅರ್ಥದ ಇಂಗ್ಲಿಷ್ ಮಾತಿತ್ತು. ತಪ್ಪು ಅವರದು, ಸೌಜನ್ಯವೂ ಅವರದೇ! ಫೆಬ್ರುವರಿಯ ಆ ಸಾಲು ಗಾಡಿಯ ಇತಿಹಾಸದಲ್ಲಿ ಹಾಗೇ ಇತ್ತು.

"ಅದನ್ನ ತಗೀರಿ" ಎಂದು ಅಡ್ವೈಸರನಿಗೆ ಅಂದೆ.

"ಡಿಲೀಟ್ ಆಗಂಗಿಲ್ರಿ ಮೇಡಂ. ಕೆಲಸ ಆತಲ್ರಿ, ಪಂಪ ಹೊಸಾದ ಬಂತಲ್ಲ."

"ನಾಳೆ ಟರ್ಬೊ ಹೋದ್ರ ಮೊದಲ ಯಾವ ಸಾಲ ಓದ್ತೀರಿ?"

ಅವನು ಸಹಿಗಾಗಿ ಗಾಜಿನ ಪರದೆಯನ್ನು ಅಪ್ಪನ ಮುಂದೆ ಹಿಡಿದ. ಅಪ್ಪ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು.

"ಬಟ್ಟ ತಿಕ್ಕಂಗಿಲ್ಲ. ಕಾಗದ ಕೊಡ, ಪೆನ್ ಕೊಡ. ಮಗಳ, ಇದರಾಗ ಏನ ಬರದಾರ, ಕನ್ನಡದಾಗ ಓದ."

ನಾನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಹಿಂದೆ ನಿಂತವರು ಕೆಮ್ಮಿದರು, ಯಾರೋ "ಲಗೂ ಮುಗಸ್ರಿ" ಅಂದರು. ಅಪ್ಪ ಕೇಳಿಸಿಕೊಳ್ಳಲಿಲ್ಲ. ಎಲ್ಲ ಕೇಳಿ, ಕಾಗದವನ್ನು ಮೇಜಿನ ಮೇಲೆ ಹಾಸಿ, ಅಂಗಡಿಯ ಚೀಟಿ ಬರೆಯುವ ತಮ್ಮ ದುಂಡು ಅಕ್ಷರದಲ್ಲಿ ಬರೆದರು: "ಫೆಬ್ರುವರಿ 10ನೇ ತಾರೀಖು ನಾನು ಹೇಳಿದ ಎಣ್ಣಿ ಅಂದರೆ ಪೆಟ್ರೋಲ್. ಎಂಜಿನ್ನಿಗೆ ನಾನು ಏನೂ ಹಾಕಿಸಿಲ್ಲ. ಇದನ್ನು ಓದಿಸಿ ಕೇಳಿ ಸಹಿ ಮಾಡಿದ್ದೇನೆ." ಕೆಳಗೆ ಸಹಿ, ನೆಟ್ಟಗೆ.

"ಇದನ್ನ ಹಾಕಾಕ ಜಾಗ ಇಲ್ರಿ ಕಾಕಾರ" ಅಂದ ಅಡ್ವೈಸರ್.

"ಜಾಗ ನೀ ಹುಡಕು. ನನ್ನ ಮಾತ ನಾ ಹೇಳೇನಿ."

ಅವನು ಆ ಕಾಗದವನ್ನು ಎತ್ತಿಕೊಂಡ. ಆಮೇಲೆ ಒಳಗೆ ಹೋಗಿ ಝೆರಾಕ್ಸ್ ಮಾಡಿಸಿ ತಂದು, ಒಂದನ್ನು ನಮಗೆ ಕೊಟ್ಟು ಇನ್ನೊಂದನ್ನು ತನ್ನ ಫೈಲಿಗೆ ಪಿನ್ನು ಹೊಡೆದ. ಅದು ಸಿಸ್ಟಮ್‌ನಲ್ಲಿ ಇಲ್ಲ. ಅವನು ಕೆಲಸ ಬಿಟ್ಟರೆ ಆ ಫೈಲು ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ. ಆದರೆ ಹೊರಗೆ ಬಂದಾಗ ಅಪ್ಪ ನನ್ನ ಮುಂದೆ ಕೈ ಚಾಚಿದರು. ಕೀಲಿ ಕೊಟ್ಟೆ. ಐವತ್ತೊಂಬತ್ತು ದಿನಗಳ ಮೇಲೆ.

ಏಪ್ರಿಲ್ 15ರಿಂದ ಅಪ್ಪ ಗಾಡಿಯಲ್ಲೇ ಅಮರಗೋಳಕ್ಕೆ ಹೋಗುತ್ತಿದ್ದಾರೆ. ದಿನಾ ಎಂಜಿನ್ ಚೆನ್ನಾಗಿ ಕಾಯುತ್ತದೆ. ಬಿಳಿ ಬಣ್ಣದ ಮೇಲೆ ಕೆಂಪು ಧೂಳು ಕೂತಿದೆ, ಎಡಗಡೆಯ ಕನ್ನಡಿಗೆ ಒಂದು ಗೀರು ಬಿದ್ದಿದೆ. ಏರ್ ಫಿಲ್ಟರನ್ನು ಈಗ ತಿಂಗಳಿಗೆ ಎರಡು ಸಲ ನೋಡುತ್ತೇನೆ, ಆಯಿಲನ್ನು ಐದು ಸಾವಿರಕ್ಕೇ ಬದಲಿಸಬೇಕೆಂದು ಗುರುತು ಹಾಕಿದ್ದೇನೆ. ಮೊದಲ ದಿನ ನಾನೂ ಜೊತೆಗೆ ಹೋಗಿದ್ದೆ. ಪಕ್ಕದ ಅಂಗಡಿಯ ಹಿರಿಯರು ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಏನ್ರಿ ಸಾವ್ಕಾರ್ರ, ಎಣ್ಣಿ ಹಾಕ್ಸೀರೇನ?" ಅಂದರು. ಸುದ್ದಿ ಮುಟ್ಟಿತ್ತು. ಅಪ್ಪ, "ಯಾವ ಎಣ್ಣಿ ಅಂತ ಮೊದಲ ಬರದ ಕೊಡ್ರಿ, ಆಮ್ಯಾಲೆ ಹೂಂ ಅಂತೇನಿ" ಅಂದರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ನನಗೆ ಮಾತ್ರ ಆ ನಗು ಚುಚ್ಚಿತು. ಮೂವತ್ತೊಂದು ವರ್ಷ ಅವರು ಯಾರಿಗೂ "ಬರೆದುಕೊಡಿ" ಅಂದಿರಲಿಲ್ಲ, ತಮಾಷೆಗೂ.

ಇವತ್ತು ಮೇ 18, ರವಿವಾರ. ಬೆಳಿಗ್ಗೆ 6 ಗಂಟೆ 40 ನಿಮಿಷದ ಅಳತೆ 20. ಐದು ವಾರದಿಂದ 20ರಲ್ಲೇ ನಿಂತಿದೆ. ಎಂಜಿನ್ ಸರಿಯಾಗಿದೆ. ಆ ಸಾಲು ಸರಿಯಾಗಿಲ್ಲ. ವಾರಂಟಿಗೆ ಇನ್ನೂ ಎರಡು ವರ್ಷದ ಮೇಲೆ ಸಮಯವಿದೆ, ಅಷ್ಟು ದಿನವೂ ಅದು ಅಲ್ಲೇ ಕಾದು ಕೂತಿರುತ್ತದೆ.

ಓದುವವರಲ್ಲಿ ಯಾರಾದರೂ ಇಂಥ ದಾಖಲೆಯ ಒಂದು ಸಾಲನ್ನು ತಿದ್ದಿಸಿ ಗೆದ್ದಿದ್ದರೆ, ಯಾರಿಗೆ ಬರೆದಿರಿ, ಎಷ್ಟು ದಿನ ಹಿಡಿಯಿತು, ದಯವಿಟ್ಟು ಇದೇ ಪತ್ರಿಕೆಯ ಮೂಲಕ ತಿಳಿಸಿ. ನಿಮ್ಮ ಗಾಡಿಯಲ್ಲೂ ಯಾರೂ ಹಾಕದ ಆಯಿಲ್ ಏರುತ್ತಿದ್ದರೆ ಅಳತೆಗಳನ್ನು ತಾರೀಖಿನ ಸಮೇತ ಕಳಿಸಿ, ನನ್ನ ವಹಿಯಲ್ಲಿ ಮನೆಗಳು ಖಾಲಿ ಇವೆ. ಪೆಟ್ರೋಲಿಗೆ ನಿಮ್ಮೂರಲ್ಲಿ ಏನನ್ನುತ್ತಾರೆ, ಅದನ್ನೂ ಬರೆಯಿರಿ. ಎಣ್ಣಿ ಅನ್ನುವವರು ನಾವಷ್ಟೇ ಅಲ್ಲ ಎಂದು ಕಂಪನಿಯವರಿಗೆ ತೋರಿಸಬೇಕಾಗಿದೆ.